ಜನರಲ್ ತಿಮ್ಮಯ್ಯನವರು

ಸೇನಾನಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಎದೆಯ ಮೇಲಿನ ಪದಕಗಳು ಮತ್ತು ಗಂಭೀರವಾದ ಆಜ್ಞೆಯ ಧ್ವನಿ. ಆಜ್ಞೆ ಮಾಡುವ ಅಧಿಕಾರವನ್ನು ಸರ್ಕಾರವು ಕೊಡಬಲ್ಲುದು. ಆದರೆ ಆ ಆಜ್ಞೆಯನ್ನು ನಂಬಿ ಸಾವಿರಾರು ಜನ ತಮ್ಮ ಪ್ರಾಣವನ್ನು ಪಣವಾಗಿಡುವಂತಹ ವಿಶ್ವಾಸವನ್ನು ಯಾವ ಸರ್ಕಾರವೂ ಕೊಡಲಾರದು. ಅದನ್ನು ಅಧಿಕಾರಿಯೇ ಸಂಪಾದಿಸಬೇಕು. ಅದು ಹೇಗೆ ಸಂಪಾದನೆಯಾಗುತ್ತದೆಂಬುದಕ್ಕೆ ಕೊಡಗಿನ ಜನರಲ್ ತಿಮ್ಮಯ್ಯನವರ ಬಾಳು ಒಂದು ಒಳ್ಳೆಯ ನಿದರ್ಶನ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ೧೯೦೬ರ ಮಾರ್ಚ್ ತಿಂಗಳಲ್ಲಿ ಮಡಿಕೇರಿಯಲ್ಲಿ ಜನಿಸಿದರು. ಕೂನೂರು ಮತ್ತು ಬೆಂಗಳೂರುಗಳಲ್ಲಿ ಓದಿ, ಡೆಹರಾಡೂನಿನ ಸೈನಿಕ ವಿದ್ಯಾಲಯವನ್ನು ಸೇರಿ, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿಗೆ ಹೋದರು. ಆಗ ಅಲ್ಲಿ ಭಾರತೀಯರಿಗೆ ದೊರೆಯುತ್ತಿದ್ದ ಸ್ಥಾನಗಳು ಬಹಳ ಕಡಮೆ. ೧೯೨೬ರಲ್ಲಿ ಅಧಿಕಾರಿ ಪದವಿಯನ್ನು ಪಡೆದ ಮೇಲೆ ಅವರು ಹತ್ತೊಂಬತ್ತನೆಯ ಹೈದರಾಬಾದ್ ರೆಜಿಮೆಂಟಿಗೆ ಬಂದರು. ಹೆಸರು ಹೈದರಾಬಾದಿನದಾದರೂ ಅದರ ಸಿಪಾಯಿಗಳು ಬಹುಮಟ್ಟಿಗೆ ಉತ್ತರದ ಕುಮಾಯೂನಿಗಳು, ಜಾಟರು, ಅಹೀರರು. ಇದೇ ಮುಂದೆ ಕುಮಾಯೂನ್ ರೆಜಿಮೆಂಟ್ ಆಯಿತು. ಕೊಡವ ಭಾಷೆಯ ಮನೆಯಿಂದ ಬಂದ ತರುಣನು ಮಾತು, ಊಟ, ಆಚಾರ ಎಲ್ಲವೂ ಬೇರೆಯಾದ ಈ ಜನರ ನಾಯಕನಾಗಬೇಕಾಯಿತು.

ಇದಕ್ಕಿಂತ ದೊಡ್ಡ ಸಂಕಟವೊಂದು ಮನಸ್ಸಿನಲ್ಲಿತ್ತು. ದೇಶವು ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿರುವಾಗ ಪರಕೀಯರ ಸೈನ್ಯದಲ್ಲಿ ಇರುವುದು ಸರಿಯೆ? ಅಲಹಾಬಾದಿನಲ್ಲಿದ್ದಾಗ ಅವರು ಮೋತೀಲಾಲ್ ನೆಹರೂ ಅವರಲ್ಲಿ ಈ ಸಂದೇಹವನ್ನು ತೋಡಿಕೊಂಡರು. ಸೈನ್ಯವನ್ನು ಬಿಡಬಾರದು, ಸ್ವತಂತ್ರ ಭಾರತಕ್ಕೆ ಶಿಕ್ಷಿತರಾದ ಅಧಿಕಾರಿಗಳು ಬೇಕಾಗುವರು ಎಂಬುದು ಆ ಹಿರಿಯರ ಸಲಹೆಯಾಗಿತ್ತು. ತಿಮ್ಮಯ್ಯನವರು ಉಳಿದುಕೊಂಡರು, ವಿದ್ಯೆಯನ್ನು ಪೂರ್ಣವಾಗಿ ಕಲಿತರು.

ಎರಡನೆಯ ಮಹಾಯುದ್ಧದಲ್ಲಿ ಆ ವಿದ್ಯೆಯ ಪರೀಕ್ಷೆಯಾಯಿತು. ಬರ್ಮಾ ದೇಶದ ಅರಾಕಾನ್ ಕರಾವಳಿಯ ಕಾಡು, ಕೆಸರು, ಮಳೆಗಳ ನಡುವೆ ಅವರು ಜಪಾನೀಯರೊಡನೆ ಕಾದಿದರು. ೧೯೪೫ರ ಆರಂಭದಲ್ಲಿ ಕಾಂಗಾವ್ ಎಂಬಲ್ಲಿ ನಡೆದ ಘೋರ ಕದನದಲ್ಲಿ ಒಂದೇ ಬ್ರಿಗೇಡಿನ ಮೂರು ದಳಗಳಿಗೂ ಭಾರತೀಯರೇ ನಾಯಕರು: ತಿಮ್ಮಯ್ಯ, ಥೋರಾತ್ ಮತ್ತು ಸೇನ್. ಮೂವರಿಗೂ ಡಿ. ಎಸ್. ಒ. ಎಂಬ ಶೌರ್ಯಪದಕ ದೊರೆಯಿತು. ಕೆಲವೇ ಕಾಲದಲ್ಲಿ ಇಂತಹ ಹಲವು ದಳಗಳು ಕೂಡಿದ ಒಂದು ಬ್ರಿಗೇಡೇ ತಿಮ್ಮಯ್ಯನವರ ಕೈಗೆ ಬಂದಿತು. ಆ ಮಹಾಯುದ್ಧದ ರಣರಂಗದಲ್ಲಿ ಬ್ರಿಗೇಡೊಂದನ್ನು ನಡೆಸಿದ ಭಾರತೀಯರು ಅವರೊಬ್ಬರೇ. ಭಾರತೀಯರು ದೊಡ್ಡ ಸೈನ್ಯವನ್ನು ನಡೆಸಲಾರರೆಂಬ ಮಾತಿಗೆ ಹೀಗೆ ಉತ್ತರ ದೊರೆಯಿತು.

ಸ್ವಾತಂತ್ರ್ಯ ಬಂದ ಮೇಲೆ ೧೯೪೮ರಲ್ಲಿ ಅವರು ಕಾಶ್ಮೀರದ ಸೇನಾವಿಭಾಗವೊಂದರ ಮುಖ್ಯಸ್ಥರಾದರು. ಲಡಾಖಿನ ಲೇಹ್ ಪಟ್ಟಣಕ್ಕೆ ಶತ್ರುಗಳ ಭಯವಿತ್ತು. ಸೈನ್ಯವನ್ನು ಬೇಗ ಕಳುಹಿಸಲು ದಾರಿಯಿರಲಿಲ್ಲ. ಹನ್ನೊಂದು ಸಾವಿರ ಅಡಿಗೂ ಎತ್ತರದಲ್ಲಿ, ಅವಸರದಲ್ಲಿ ಸಿದ್ಧಪಡಿಸಿದ ನೆಲದ ಮೇಲೆ ವಿಮಾನ ಇಳಿಯಬೇಕಾಗಿತ್ತು. ಮೇ ತಿಂಗಳಲ್ಲಿ ವೈಮಾನಿಕ ಮೆಹರ್ ಸಿಂಗರು ಅಲ್ಲಿಗೆ ಮೊದಲ ವಿಮಾನವನ್ನು ಒಯ್ದಾಗ ಅದರಲ್ಲಿ ಕುಳಿತಿದ್ದವರು ಸ್ವತಃ ತಿಮ್ಮಯ್ಯನವರು.

ಲೇಹ್ ಉಳಿಯಬೇಕಾದರೆ ನೆಲದ ದಾರಿಯೂ ತೆರೆಯಬೇಕು. ಆ ದಾರಿಯ ಬಾಗಿಲು ಜೋಜಿಲಾ ಕಣಿವೆ. ಅದರ ಎರಡೂ ಬದಿಯ ಬಂಡೆಗಳ ಮರೆಯಲ್ಲಿ ಶತ್ರುಗಳು ಯಂತ್ರಬಂದೂಕುಗಳನ್ನು ಹೂಡಿದ್ದರು. ನಡೆದು ಹೋದ ಪದಾತಿಗಳ ಪ್ರಯತ್ನ ವಿಫಲವಾಯಿತು. ಗುಂಡು ತಗುಲಿದರೂ ನಿಲ್ಲದೆ ಮುನ್ನಡೆಯಬಲ್ಲದ್ದು ಟ್ಯಾಂಕು ಮಾತ್ರ. ಆದರೆ ಅಷ್ಟು ಎತ್ತರಕ್ಕೆ ಟ್ಯಾಂಕು ಏರುವುದುಂಟೆ? ತಿಮ್ಮಯ್ಯನವರು ಏರಿಸಿಯೇ ತೀರಲು ನಿಶ್ಚಯಿಸಿದರು. ಬೆಂಗಳೂರಿನಲ್ಲಿ ಕೇಂದ್ರವುಳ್ಳ ಮದರಾಸು ಸ್ಯಾಪರ್ಸ್ ದಳದವರು ಹೇಸರಗತ್ತೆಗಳ ಕಾಲುದಾರಿಯನ್ನು ಅಗಲ ಮಾಡಿದರು. ಟ್ಯಾಂಕುಗಳ ಮೇಲ್ಭಾಗವನ್ನು ಬಿಚ್ಚಿ, ಮರೆಮಾಡಿ, ಜಮ್ಮುವಿನಿಂದ ಗುಟ್ಟಾಗಿ ಸಾಗಿಸಲಾಯಿತು. ೧೯೪೮ರ ನವೆಂಬರ್ ೧ರಂದು, ಹಿಮದ ನಡುವೆ, ಅವು ಕಣಿವೆಯನ್ನು ನುಗ್ಗಿದುವು. ಸೇನಾಪತಿಗಳು ಹಿಂದಿನ ಡೇರೆಯಲ್ಲಿ ಕುಳಿತಿರಲಿಲ್ಲ, ಮುಂದಿನ ಟ್ಯಾಂಕಿನಲ್ಲಿದ್ದರು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್‌ಗಳು ಕೈಸೇರಿ ಲೇಹ್‌ನ ದಾರಿ ತೆರೆಯಿತು.

ಅವರ ಧೈರ್ಯಕ್ಕೆ ಇನ್ನೊಂದು ಮುಖವೂ ಇತ್ತು. ಕೊರಿಯಾ ಯುದ್ಧವು ನಿಂತಾಗ, ಸ್ವದೇಶಕ್ಕೆ ಮರಳಲೊಪ್ಪದ ೨೨,೦೦೦ಕ್ಕೂ ಹೆಚ್ಚು ಸೆರೆಯಾಳುಗಳ ವಿಚಾರಣೆಗೆಂದು ಐದು ತಟಸ್ಥ ರಾಷ್ಟ್ರಗಳ ಆಯೋಗವು ನೇಮಕವಾಯಿತು. ೧೯೫೩–೫೪ರಲ್ಲಿ ಅದರ ಅಧ್ಯಕ್ಷರು ತಿಮ್ಮಯ್ಯನವರೇ. ಇಲ್ಲಿ ಗೆಲ್ಲಬೇಕಾದ ಶತ್ರುವಿಲ್ಲ. ಎರಡು ಪಕ್ಷಗಳ ಸಂಶಯವನ್ನು ಸಹಿಸುತ್ತ ನ್ಯಾಯವನ್ನು ಕಾಯಬೇಕು. ಯುದ್ಧದಲ್ಲಿ ಎದೆಗಾರಿಕೆ ಎಷ್ಟು ಬೇಕೋ ಇಲ್ಲಿ ತಾಳ್ಮೆ ಅಷ್ಟೇ ಬೇಕು. ೧೯೫೪ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು.

೧೯೫೭ರಿಂದ ೧೯೬೧ರವರೆಗೆ ಅವರು ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ೧೯೫೯ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ನರೊಡನೆ ಭಿನ್ನಾಭಿಪ್ರಾಯ ಬಂದು ರಾಜೀನಾಮೆಯನ್ನು ಕೊಟ್ಟರು. ಪ್ರಧಾನಿ ಜವಾಹರಲಾಲ್ ನೆಹರೂ ಅವರ ಮಾತಿಗೆ ಮನ್ನಣೆಯಿತ್ತು ಅದನ್ನು ಹಿಂತೆಗೆದುಕೊಂಡರು. ನಿವೃತ್ತಿಯ ನಂತರವೂ ವಿಶ್ರಾಂತಿಯಿಲ್ಲ. ಗ್ರೀಕರೂ ತುರ್ಕರೂ ಕಾದಾಡುತ್ತಿದ್ದ ಸೈಪ್ರಸ್ ದ್ವೀಪದಲ್ಲಿ ಶಾಂತಿಯನ್ನು ಕಾಯುವ ವಿಶ್ವಸಂಸ್ಥೆಯ ಸೈನ್ಯಕ್ಕೆ ೧೯೬೪ರಲ್ಲಿ ದಂಡನಾಯಕರಾದರು. ೧೯೬೫ರ ಡಿಸೆಂಬರ್ ೧೮ರಂದು, ಆ ಕರ್ತವ್ಯದಲ್ಲಿರುವಾಗಲೇ, ಅಲ್ಲಿ ನಿಧನ ಹೊಂದಿದರು. ಮರುವರ್ಷ ಸೈಪ್ರಸ್ ದೇಶವು ಅವರ ನೆನಪಿಗೆ ಅಂಚೆಚೀಟಿಯನ್ನು ಹೊರಡಿಸಿತು. ಮಡಿಕೇರಿಯಲ್ಲಿ ಅವರು ಬೆಳೆದ ‘ಸನ್ನಿ ಸೈಡ್’ ಮನೆಯು ೨೦೨೧ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ರಜೆಯಲ್ಲಿ ಊರಿಗೆ ಹೋದಾಗ ನೀವೂ ಅದನ್ನು ನೋಡಬಹುದು.

ವಿದ್ಯಾರ್ಥಿ ಮಿತ್ರರೇ, ನಮ್ಮ ನಾಡಿನಿಂದ ದೂರದಲ್ಲಿ, ಹಲವು ಭಾಷೆಗಳ ನಡುವೆ ಬೆಳೆಯುತ್ತಿರುವವರು ನಾವು. ತಿಮ್ಮಯ್ಯನವರ ಬಾಳಿನ ಬಹುಪಾಲು ಹಾಗೆಯೇ ಕಳೆಯಿತು. ಕುಮಾಯೂನಿನ ಸಿಪಾಯಿಗೆ ಅವರ ಮಾತೃಭಾಷೆ ತಿಳಿಯುತ್ತಿರಲಿಲ್ಲ. ಆದರೂ ಅವನು ಅವರ ಹಿಂದೆ ನಡೆದನು. ಏಕೆಂದರೆ ತಾವು ಹೋಗದ ಕಡೆಗೆ ಅವರು ಯಾರನ್ನೂ ಕಳುಹಿಸಲಿಲ್ಲ. ತರಗತಿಯ ಮುಖಂಡನಾಗಲಿ, ಆಟದ ತಂಡದ ನಾಯಕಿಯಾಗಲಿ, ಮೊದಲು ಕಲಿಯಬೇಕಾದ ಪಾಠವಿದು.