ಕುಂಟುವ ಕುದುರೆಯ ಕೀಲು

ಕಂಪ್ಲಿಯ ಹತ್ತಿರದ ಎಮ್ಮಿಗನೂರಿನಲ್ಲಿ, ಮದುವೆಯ ಮೆರವಣಿಗೆಗೆಂದು ಸಾಕಿದ ಕುದುರೆಯೊಂದನ್ನು ಒಮ್ಮೆ ನನ್ನೆದುರು ತಂದು ನಿಲ್ಲಿಸಿದರು. ಬಲ ಮುಂಗಾಲು ಕುಂಟುತ್ತಿತ್ತು. “ರಟ್ಟೆ ಹಿಡಿದೈತ್ರಿ ಸಾಹೇಬ್ರ, ಒಂದು ಬರೆ ಎಳೆದುಬಿಡ್ರಿ” ಎಂದ ಯಜಮಾನ. ಪಶುವೈದ್ಯನಾದ ನನಗೆ ಈ ಬೇಡಿಕೆ ಹೊಸತಲ್ಲ. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆಗಳು ಸಾಲುಗಟ್ಟಿ ನಡೆದಿರುವ ಸೀಮೆ ಇದು. ಕಡಲು ದಾಟಿ ಬಂದ ಕುದುರೆಗಳಿಗೆ ವಿಜಯನಗರದ ಅರಸರು ಹೊನ್ನು ಸುರಿದರು. ಅಭಿನವಚಂದ್ರನೆಂಬವನು ಕನ್ನಡದಲ್ಲಿಯೇ ಅಶ್ವವೈದ್ಯವನ್ನು ಬರೆದ. ಆದರೂ ಕುಂಟಿದ ಕಾಲನ್ನು ಕಂಡೊಡನೆ ನಮ್ಮವರು ಮೊದಲು ಕಾಸುವುದು ಕಬ್ಬಿಣವನ್ನೇ.

ಕುದುರೆಗೆ ನೋವು ಯಾವ ಮುಂಗಾಲಿನಲ್ಲಿದೆ ಎಂಬುದನ್ನು ಅದರ ತಲೆಯೇ ತಿಳಿಸುತ್ತದೆ. ಗಟ್ಟಿ ನೆಲದಲ್ಲಿ, ಹಗ್ಗವನ್ನು ಸಡಿಲಬಿಟ್ಟು ಮೆಲ್ಲನೆ ಓಡಿಸಬೇಕು. ನೋಯುವ ಕಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲನ್ನು ಊರಿದಾಗ ಕೆಳಗಿಳಿಯುತ್ತದೆ. ಆ ಕಾಲಿನಲ್ಲಿ ಎಲ್ಲಿ ಎಂಬುದು ಮುಂದಿನ ಪ್ರಶ್ನೆ. ಕುದುರೆ ಬೆರಳ ತುದಿಯ ಉಗುರಿನ ಮೇಲೆ ನಿಂತ ಪ್ರಾಣಿ. ಅದರ ಮುಂಗಾಲಿನ ಮೊಣಕಾಲೆಂದು ನಾವು ಕರೆಯುವುದು ನಿಜವಾಗಿ ನಮ್ಮ ಮಣಿಕಟ್ಟಿಗೆ ಸಮಾನ. ಮೈಭಾರದ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೆಯೇ ಬೀಳುತ್ತದೆ. ಹೀಗಾಗಿ ಕುಂಟಿನ ಮೂಲ ಹೆಚ್ಚಾಗಿ ಕೆಳಗೆ, ಗೊರಸಿನಲ್ಲಿ ಅಥವಾ ಅದರ ಸಮೀಪದ ಕೀಲುಗಳಲ್ಲಿ ಇರುತ್ತದೆ, ರಟ್ಟೆಯಲ್ಲಿರುವುದು ಅಪರೂಪ.

ಮೊದಲು ಲಾಳವನ್ನೂ ಗೊರಸನ್ನೂ ನೋಡಿದೆ. ಮೊಳೆ ತಪ್ಪಿ ಹೊಕ್ಕಿರಲಿಲ್ಲ. ಗೊರಸಿನ ಮೇಲಿನ ಕೀಲು ಮಾತ್ರ ಊದಿತ್ತು, ಮುಟ್ಟಿದರೆ ಬಿಸಿ. ಅದನ್ನು ಒಂದು ನಿಮಿಷ ಮಡಿಚಿ ಹಿಡಿದು ಓಡಿಸಿದಾಗ ಕುಂಟು ಇಮ್ಮಡಿಯಾಯಿತು. ಸಂದೇಹ ಉಳಿದರೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ನರದ ಬಳಿ ಅರಿವಳಿಕೆಯ ಸೂಜಿಮದ್ದು ಕೊಡುವುದುಂಟು. ಎಲ್ಲಿ ಕೊಟ್ಟಾಗ ಕುಂಟು ಮಾಯವಾಗುವುದೋ ಅದರ ಕೆಳಗೇ ಬೇನೆ. ಕೊನೆಗೆ ಎಕ್ಸ್‌ರೇ.

ಕೀಲಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಸವೆದರೆ ಅದು ಮೊದಲಿನಂತೆ ಕೂಡುವುದಿಲ್ಲ. ಬರೆ ಚರ್ಮವನ್ನು ಸುಡಬಲ್ಲುದು, ಅಲ್ಲಿಗೆ ತಲುಪಲಾರದು. ಆ ನೋವಿಗೆ ಕುದುರೆ ಅಲುಗದೆ ನಿಂತಾಗ ದೊರೆವ ವಿಶ್ರಾಂತಿಯ ಕೀರ್ತಿ ಬರೆಗೆ ಸಲ್ಲುತ್ತದೆ, ಅಷ್ಟೆ. ನಾನು ಹೇಳಿದ್ದು ವಿಶ್ರಾಂತಿ, ತಣ್ಣೀರಿನ ಧಾರೆ, ಸಮನಾಗಿ ಕೆತ್ತಿದ ಗೊರಸು, ಕೆಲವು ದಿನ ಫಿನೈಲ್‌ಬ್ಯುಟಜೋನ್. ಈ ಮದ್ದು ಮಿತಿಮೀರಿದರೆ ಜಠರದಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ.

ಎಳೆ ಮರಿಯ ಕೀಲು ಊದಿದರೆ ಮಾತ್ರ ಕಾಯುವಂತಿಲ್ಲ. ಹೊಕ್ಕುಳಿನಿಂದ ಹೊಕ್ಕ ಸೋಂಕು ರಕ್ತದೊಡನೆ ಕೀಲಿಗಿಳಿದಿರಬಹುದು. ಕೀಲಿನ ನೀರು ಸಹಜವಾಗಿ ತಿಳಿಹಳದಿ, ಎಳೆದರೆ ನೂಲಿನಂತೆ ಬರುವುದು. ಸೋಂಕಾದಾಗ ಕಲಕಿ ತೆಳ್ಳಗಾಗುತ್ತದೆ. ಅಂದೇ ಕೀಲನ್ನು ತೊಳೆದು ಪ್ರತಿಜೀವಕ ಕೊಡದಿದ್ದರೆ ಮರಿ ಜೀವಮಾನವಿಡೀ ಕುಂಟಬಹುದು.

ಎರಡು ತಿಂಗಳ ಮೇಲೆ ಎಮ್ಮಿಗನೂರಿನ ಕುದುರೆಯನ್ನು ಮತ್ತೆ ಓಡಿಸಿ ನೋಡಿದೆ. ತಲೆಯ ಏರಿಳಿತ ತೀರ ಕಡಿಮೆಯಾಗಿತ್ತು, ನಿಂತಿರಲಿಲ್ಲ. ಮದುವೆಯ ದಿನಗಳು ಹತ್ತಿರವಾಗಿದ್ದವು. ಯಜಮಾನ ಮುಂಗಡ ಹಣವನ್ನೂ ತೆಗೆದುಕೊಂಡಿದ್ದ. ಇನ್ನೂ ಒಂದು ತಿಂಗಳು ಬೇಕೆಂದೆ. ಅವನು ಬಹಳ ಹೊತ್ತು ಕುದುರೆಯ ಕಾಲನ್ನೇ ನೋಡುತ್ತ ನಿಂತು, ಹಗ್ಗ ಹಿಡಿದು ಮನೆಯ ಕಡೆಗೆ ನಡೆಸಿಕೊಂಡು ಹೋದ.