ರಿಮೋಟ್ ಗಾಡಿ: ಓಡಿಸುವ ಮೊದಲು ನಿಲ್ಲಿಸಲು ಕಲಿಸಿ
ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಅಡಿಕೆ ತೋಟ ಅಂದರೆ ಬಸಿಗಾಲುವೆ, ತೋಡು, ಬಾವಿ ಎಲ್ಲ ಹತ್ತಿರ ಹತ್ತಿರವೇ. ಹವ್ಯಾಸದ ರಿಮೋಟ್ ಕಾರಿನ ಬಿಡಿಭಾಗ ಹಾಕಿ ಗೊಬ್ಬರ ಸಾಗಿಸುವ ಪುಟ್ಟ ಗಾಡಿ ಮಾಡುವವರು ಮೋಟರಿನ ಬಗ್ಗೆ ವಿಚಾರಿಸುತ್ತಾರೆ. ನಾನು ಮೊದಲು ಕೇಳುವುದು, ಸಿಗ್ನಲ್ ತಪ್ಪಿದರೆ ಗಾಡಿ ನಿಲ್ತದಾ?

ಜೋಡಣೆ: ರಿಸೀವರ್ ಮತ್ತು ರಿಮೋಟ್ ಒಂದೇ ಪ್ರೋಟೋಕಾಲ್‌ನವು ಇರಲಿ. ಕೈಪಿಡಿಯಂತೆ ಬೈಂಡ್ ಮಾಡಿ. ಸಾಮಾನ್ಯವಾಗಿ ಮಿನುಗುವ ದೀಪ ಸ್ಥಿರವಾದರೆ ಜೋಡಣೆ ಆಯಿತು. ಕಾರಿನ ರಿಸೀವರ್‌ಗಳಲ್ಲಿ ಹೆಚ್ಚಾಗಿ 1ನೇ ಚಾನೆಲ್ ಸ್ಟೇರಿಂಗಿಗೆ, 2ನೆಯದು ಮೋಟರಿನ ವೇಗಕ್ಕೆ. 12 ವೋಲ್ಟ್ ಬ್ಯಾಟರಿಯನ್ನು ರಿಸೀವರಿಗೆ ನೇರ ಕೊಡಬೇಡಿ. ವೇಗ ನಿಯಂತ್ರಕದಿಂದ ಬರುವ 5-6 ವೋಲ್ಟ್ ಸಾಕು.

ಆಂಟೆನಾ: 2.4 ಗಿಗಾಹರ್ಟ್ಸ್ ಆಂಟೆನಾದ ತುದಿಯ ಸುಮಾರು 3 ಸೆಂ.ಮೀ. ಭಾಗವೇ ಸಿಗ್ನಲ್ ಹಿಡಿಯುವುದು. ಅದನ್ನು ಕತ್ತರಿಸಬೇಡಿ, ಮಡಚಬೇಡಿ. ಲೋಹ, ಮೋಟರ್ ತಂತಿಗಳಿಂದ ದೂರ, ಎತ್ತರದಲ್ಲಿ ಇಡಿ. ನೀರು ಈ ತರಂಗವನ್ನು ಹೀರುತ್ತದೆ. ಮಳೆಗಾಲದ ಒದ್ದೆ ತೋಟದಲ್ಲಿ ದೂರ ಕಡಿಮೆಯಾಗುತ್ತದೆ.

ಫೇಲ್‌ಸೇಫ್: ಕೆಲವು ರಿಸೀವರ್‌ಗಳು ಸಿಗ್ನಲ್ ಹೋದರೂ ಕೊನೆಯ ಆಜ್ಞೆಯನ್ನೇ ಹಿಡಿದಿಡುತ್ತವೆ. ಅಂದರೆ ಗಾಡಿ ಓಡುತ್ತಲೇ ಇರುತ್ತದೆ, ತೋಡಿಗೋ, ಮಕ್ಕಳಿದ್ದಲ್ಲಿಗೋ. ಆದ್ದರಿಂದ ವೇಗದ ಚಾನೆಲನ್ನು ನ್ಯೂಟ್ರಲ್‌ಗೆ ಹೊಂದಿಸಿ. ಇಳಿಜಾರಿನಲ್ಲಿ ನ್ಯೂಟ್ರಲ್ ಸಾಲದು, ಬ್ರೇಕೂ ಬೇಕು.

ಪರೀಕ್ಷೆ ಸುಲಭ. ಚಕ್ರಗಳು ನೆಲಕ್ಕೆ ತಾಗದಂತೆ ಗಾಡಿಯನ್ನು ಕಲ್ಲಿನ ಮೇಲಿಡಿ, ನಿಧಾನ ತಿರುಗಿಸಿ, ರಿಮೋಟ್ ಆಫ್ ಮಾಡಿ ಕಾಣಿ. ಚಕ್ರ ನಿಂತರೆ ಮಾತ್ರ ತೋಟಕ್ಕೆ ಇಳಿಸಿ. ಮರುಬೈಂಡ್ ಮಾಡಿದಾಗಲೆಲ್ಲ ಇದನ್ನೇ ಮತ್ತೆ ಮಾಡಿ. ದಿನವೂ ರಿಮೋಟ್ ಮೊದಲು ಆನ್, ಕೊನೆಗೆ ಆಫ್.