ಟ್ಯೂಬಿನ ಮೇಲೆ ಕುಳಿತು ಪಾತಾಳಕ್ಕೆ

ಲಾರಿ ಚಕ್ರದ ಹಳೆಯ ಟ್ಯೂಬಿಗೆ ಗಾಳಿ ತುಂಬಿಸಿಕೊಂಡು ಕೆರೆಯಲ್ಲೋ ಬಾವಿಯಲ್ಲೋ ಈಜು ಕಲಿತವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅದೇ ಬಗೆಯ ಟ್ಯೂಬಿನಲ್ಲಿ ಒರಗಿ ಕುಳಿತು, ತಲೆಗೆ ದೀಪ ಕಟ್ಟಿಕೊಂಡು, ಬೆಟ್ಟದ ಹೊಟ್ಟೆಯೊಳಗೆ ಹರಿಯುವ ನದಿಯಲ್ಲಿ ತೇಲಿಹೋಗುವುದು ಮಧ್ಯ ಅಮೆರಿಕದ ಬೆಲೀಜ್ ಎಂಬ ಪುಟ್ಟ ದೇಶದಲ್ಲಿ ದೊಡ್ಡ ಉದ್ಯಮವಾಗಿದೆ. ಕೇವ್ ಟ್ಯೂಬಿಂಗ್ ಎಂದು ಅದರ ಹೆಸರು. ವಿಲಾಸಿ ಹಡಗುಗಳಲ್ಲಿ ಬಂದಿಳಿಯುವ ಪ್ರವಾಸಿಗರಿಗೆ ಅದು ಒಂದು ದಿನದ ಮೋಜು. ಆದರೆ ಅವರು ನಗುನಗುತ್ತ ತೇಲಿಹೋಗುವ ಆ ಕತ್ತಲೆ, ಸಾವಿರಾರು ವರ್ಷ ಆ ನೆಲದಲ್ಲಿ ಬಾಳಿದ ಮಾಯಾ ಜನರ ಪಾಲಿಗೆ ಯಮಲೋಕದ ಬಾಗಿಲು. ಒಂದೇ ಗುಹೆಗೆ ಇಷ್ಟು ಬೇರೆ ಬೇರೆಯಾದ ಎರಡು ಅರ್ಥಗಳು ಹೇಗೆ ಬಂದವು ಎಂಬುದು ತಿಳಿಯಬೇಕಾದ ಸಂಗತಿ.

ದಡಕ್ಕೆ ಬಾರದ ಹಡಗು

ಮೆಕ್ಸಿಕೊ ಮತ್ತು ಗ್ವಾಟೆಮಾಲಗಳ ಪಕ್ಕದಲ್ಲಿ, ಕೆರಿಬಿಯನ್ ಸಮುದ್ರದ ಅಂಚಿಗೆ ಬೆಲೀಜ್ ಇದೆ. ವಿಸ್ತೀರ್ಣ ಸುಮಾರು 23 ಸಾವಿರ ಚದರ ಕಿಲೋಮೀಟರ್. ಜನಸಂಖ್ಯೆ ಸುಮಾರು ನಾಲ್ಕು ಲಕ್ಷ. 1973ರವರೆಗೆ ಅದರ ಹೆಸರು ಬ್ರಿಟಿಷ್ ಹೊಂಡುರಾಸ್. 1981ರ ಸೆಪ್ಟೆಂಬರ್ 21ರಂದು ಸ್ವಾತಂತ್ರ್ಯ ಬಂತು. ಭಾರತಕ್ಕೂ ಅದಕ್ಕೂ ಒಂದು ಹಳೆಯ ನಂಟಿದೆ. 1857ರ ದಂಗೆಯ ನಂತರ ಗಡೀಪಾರಾದ ಸಿಪಾಯಿಗಳೂ, ಆ ಮೇಲೆ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಬಂದ ಕೂಲಿಗಳೂ ಅಲ್ಲೇ ನೆಲೆ ನಿಂತರು. ಅವರ ಸಂತತಿಯವರನ್ನು ಅಲ್ಲಿನ ಜನಗಣತಿ 'ಈಸ್ಟ್ ಇಂಡಿಯನ್' ಎಂದು ಇಂದಿಗೂ ಬೇರೆಯಾಗಿ ಎಣಿಸುತ್ತದೆ.

ಬೆಲೀಜ್ ನಗರದ ಬಳಿ ಸಮುದ್ರ ಬಹಳ ಆಳವಿಲ್ಲ. ಹಾಗಾಗಿ ಮೂರು ನಾಲ್ಕು ಸಾವಿರ ಜನರನ್ನು ಹೊತ್ತ ಹಡಗುಗಳು ಕೆಲವು ಮೈಲಿ ದೂರದಲ್ಲೇ ಲಂಗರು ಹಾಕುತ್ತವೆ. ಪ್ರಯಾಣಿಕರು ಸಣ್ಣ ದೋಣಿಗಳಲ್ಲಿ ದಡ ಸೇರಬೇಕು. ಅಲ್ಲಿಂದ ಬಸ್ಸು ಹತ್ತಿ ಪಶ್ಚಿಮಕ್ಕೆ ಸುಮಾರು ಒಂದು ಗಂಟೆ ಪ್ರಯಾಣ. ಸಂಜೆ ಹಡಗು ಹೊರಡುವ ಮೊದಲು ಹಿಂದಿರುಗಬೇಕಾದ್ದರಿಂದ ಒಂದು ದೇಶವನ್ನು ನೋಡಲು ಅವರಿಗಿರುವ ಸಮಯ ಐದಾರು ಗಂಟೆ ಮಾತ್ರ. ಬಹಳ ಮಂದಿ ಆ ಐದಾರು ಗಂಟೆಗಳನ್ನು ಗುಹೆಗೇ ಮೀಸಲಿಡುತ್ತಾರೆ.

ಈ ವಿಹಾರದ ಮುಖ್ಯ ತಾಣ ಕೇವ್ಸ್ ಬ್ರಾಂಚ್ ನದಿಯ ಮೇಲಿರುವ ನೊಹೋಚ್ ಚೆಎನ್ ಪುರಾತತ್ವ ಸಂರಕ್ಷಿತ ಪ್ರದೇಶ. ಯುಕಾಟೆಕ್ ಮಾಯಾ ಭಾಷೆಯಲ್ಲಿ ನೊಹೋಚ್ ಎಂದರೆ ದೊಡ್ಡದು. ಚೆಎನ್ ಎಂದರೆ ಬಾವಿ. ಗುಹೆಗೂ ಅದೇ ಮಾತು. ನೀರು ಸಿಗುವ ಕುಳಿಗೂ ಕತ್ತಲೆಯ ಕುಳಿಗೂ ಒಂದೇ ಶಬ್ದ ಬಳಸಿದ ಜನ ಅವರು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ.

ಬಸ್ಸಿನಿಂದ ಇಳಿದವರಿಗೆ ಹೆಲ್ಮೆಟ್ಟು, ಹಣೆದೀಪ, ತೇಲುವ ಜಾಕೀಟು ಕೊಡುತ್ತಾರೆ. ಟ್ಯೂಬನ್ನು ಹೆಗಲಿಗೇರಿಸಿಕೊಂಡು ಕಾಡಿನಲ್ಲಿ ಅರ್ಧ ಗಂಟೆಯಷ್ಟು ನಡೆಯಬೇಕು. ಮೊದಲು ಹೊಳೆ ದಾಟಬೇಕು, ಆಮೇಲೆ ತಾಳೆ ಜಾತಿಯ ದೊಡ್ಡ ಮರಗಳ ನೆರಳಿನ ದಾರಿ. ಮಾರ್ಗದರ್ಶಿ ದಾರಿಯುದ್ದಕ್ಕೂ ಗಿಡಮೂಲಿಕೆ, ಗೆದ್ದಲು ಹುತ್ತ ತೋರಿಸುತ್ತ ಹೋಗುತ್ತಾನೆ. ನೀರಿಗಿಳಿದ ಮೇಲೆ ಟ್ಯೂಬುಗಳನ್ನು ಒಂದಕ್ಕೊಂದು ಸೇರಿಸಿ ರೈಲಿನ ಡಬ್ಬಿಗಳಂತೆ ಎಳೆದೊಯ್ಯುತ್ತಾನೆ. ಆಳವಿಲ್ಲದ ಕಡೆ ಕಲ್ಲು ತಗಲದಿರಲೆಂದು "ಸೊಂಟ ಮೇಲಕ್ಕೆ!" ಎಂದು ಕೂಗುತ್ತಾನೆ. ಎಲ್ಲರೂ ನಗುತ್ತಾರೆ. ಅಷ್ಟರಲ್ಲಿ ಗುಹೆಯ ಬಾಯಿ ಬರುತ್ತದೆ. ಸ್ವಲ್ಪ ದೂರ ಹೋದ ಮೇಲೆ ದೀಪ ಆರಿಸಿರೆಂದು ಹೇಳುತ್ತಾನೆ. ಆಗ ಕವಿಯುವ ಕತ್ತಲೆಯಲ್ಲಿ ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಅಲ್ಲಿಯವರೆಗೆ ಮಾತನಾಡುತ್ತಿದ್ದವರೂ ಸುಮ್ಮನಾಗುತ್ತಾರೆ.

ಬೆಟ್ಟ ನುಂಗಿದ ನದಿ

ಹೊರಗೆ ಹರಿಯುವ ನದಿ ಬೆಟ್ಟದೊಳಗೆ ಹೊಕ್ಕದ್ದಾದರೂ ಹೇಗೆ? ಉತ್ತರ ಸುಣ್ಣಕಲ್ಲಿನಲ್ಲಿದೆ. ಹತ್ತಾರು ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಚಿಪ್ಪು, ಹವಳಗಳು ಅಡಕವಾಗಿ ಆದ ಕಲ್ಲು ಇದು. ಮಳೆ ನೀರು ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಇರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೆಳು ಆಮ್ಲವಾಗುತ್ತದೆ. ನಮ್ಮ ನಾಲಿಗೆಗೆ ಅದು ಗೊತ್ತೇ ಆಗದು, ಆದರೆ ಸುಣ್ಣಕಲ್ಲಿಗೆ ಗೊತ್ತಾಗುತ್ತದೆ. ಬೆಲೀಜಿನ ಮಾಯಾ ಪರ್ವತಗಳ ನಡುವಿನ ಗಟ್ಟಿ ಶಿಲೆಯ ಮೇಲೆ ಹುಟ್ಟಿದ ಹೊಳೆಗಳು ಕೆಳಗಿಳಿದು ಸುಣ್ಣಕಲ್ಲಿನ ನೆಲಕ್ಕೆ ಬಂದೊಡನೆ ಬಿರುಕುಗಳನ್ನು ಹುಡುಕಿ ಒಳಹೊಗುತ್ತವೆ. ಬಿರುಕು ಕೊಳವೆಯಾಗುತ್ತದೆ, ಕೊಳವೆ ಸುರಂಗವಾಗುತ್ತದೆ. ನದಿ ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಪ್ರತ್ಯಕ್ಷವಾಗುತ್ತದೆ.

ಕರಗಿದ ಸುಣ್ಣವೆಲ್ಲ ಕೊಚ್ಚಿಹೋಗುವುದಿಲ್ಲ. ಚಾವಣಿಯಿಂದ ತೊಟ್ಟಿಕ್ಕುವ ಹನಿ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಟ್ಟು, ತಾನು ಹೊತ್ತುತಂದ ಸುಣ್ಣದ ಚೂರನ್ನು ಅಲ್ಲೇ ಇಟ್ಟು ಹೋಗುತ್ತದೆ. ಮೇಲಿನಿಂದ ಇಳಿಬಿದ್ದ ಕಲ್ಲಿನ ಜಡೆಗಳು, ಕೆಳಗಿನಿಂದ ಎದ್ದ ಕಂಬಗಳು ಹೀಗೆ ಬೆಳೆದವು. ಒಂದು ಮಿಲಿಮೀಟರ್ ಬೆಳೆಯಲು ಹತ್ತಾರು ವರ್ಷ ಬೇಕಾಗಬಹುದು. ಮನುಷ್ಯನ ಕೈಯ ಜಿಡ್ಡು ತಗುಲಿದರೆ ಬೆಳವಣಿಗೆ ಅಲ್ಲಿಗೇ ನಿಲ್ಲಬಹುದು. ಮಾರ್ಗದರ್ಶಿ "ಮುಟ್ಟಬೇಡಿ" ಎಂದು ಮತ್ತೆ ಮತ್ತೆ ಹೇಳುವುದು ಅದಕ್ಕೇ. ಇದೇ ನದಿ ಅಪಾಯಕಾರಿಯೂ ಹೌದು. ಜೂನ್‌ನಿಂದ ನವೆಂಬರ್‌ವರೆಗಿನ ಮಳೆಗಾಲದಲ್ಲಿ ಬೆಟ್ಟದ ಮೇಲೆಲ್ಲೋ ಸುರಿದ ಮಳೆಗೆ ಗುಹೆಯೊಳಗಿನ ನೀರು ಥಟ್ಟನೆ ಏರುತ್ತದೆ. ಅಂಥ ದಿನಗಳಲ್ಲಿ ತೇಲುವ ವಿಹಾರವನ್ನು ನಿಲ್ಲಿಸುತ್ತಾರೆ.

ಶಿಬಾಲ್ಬಾದ ದಾರಿ

ಮಾಯಾ ಜನರ ನಂಬಿಕೆಯಲ್ಲಿ ನೆಲದ ಕೆಳಗೊಂದು ಲೋಕವಿದೆ. ಗ್ವಾಟೆಮಾಲದ ಕಿಚೆ ಮಾಯಾ ಜನ ಅದನ್ನು ಶಿಬಾಲ್ಬಾ ಎಂದು ಕರೆದರು. ಭಯದ ಸ್ಥಳ ಎಂದು ಅದರ ಅರ್ಥ. ಅವರ ಪುರಾಣ 'ಪೊಪೊಲ್ ವೂಹ್' ನಮಗೆ ದೊರೆತದ್ದು 1700ರ ಆಸುಪಾಸಿನಲ್ಲಿ ಫ್ರಾನ್ಸಿಸ್ಕೊ ಹಿಮೆನೆಸ್ ಎಂಬ ಪಾದ್ರಿ ಮಾಡಿಕೊಂಡ ನಕಲಿನಿಂದ. ಬೆಲೀಜಿನ ಗುಹೆಗಳಲ್ಲಿ ಪೂಜೆ ನಡೆದ ಕಾಲ ಅದಕ್ಕಿಂತ ಎಷ್ಟೋ ಹಿಂದಿನದು. ಆದರೂ ಇದೇ ಕಥೆಯ ತುಣುಕುಗಳು ಆ ಹಳೆಯ ಕಾಲದ ಮಡಕೆಗಳ ಚಿತ್ರಗಳಲ್ಲಿ ಕಾಣುವುದರಿಂದ, ಕಥೆಯ ಬೇರು ಹಳೆಯದೆಂದು ವಿದ್ವಾಂಸರು ಒಪ್ಪುತ್ತಾರೆ.

ಕಥೆ ಶುರುವಾಗುವುದು ಚೆಂಡಾಟದಿಂದ. ಇಬ್ಬರು ಸೋದರರು ಭೂಮಿಯ ಮೇಲೆ ಚೆಂಡಾಡುವ ಸದ್ದಿಗೆ ಕೆಳಲೋಕದ ಒಡೆಯರು ಕೆರಳುತ್ತಾರೆ. ಗೂಬೆಗಳನ್ನು ದೂತರಾಗಿ ಕಳಿಸಿ ಸೋದರರನ್ನು ಆಟಕ್ಕೆ ಕರೆಸುತ್ತಾರೆ. ಅವರು ಕಡಿದಾದ ಮೆಟ್ಟಿಲಿಳಿದು, ರಕ್ತದ ನದಿ, ಕೀವಿನ ನದಿ ದಾಟಿ ಹೋಗುತ್ತಾರೆ. ಕತ್ತಲ ಮನೆಯಲ್ಲಿ ಅವರನ್ನು ಕೂಡಿಹಾಕಿ ಒಂದು ಪಂಜು, ಎರಡು ಚುಟ್ಟ ಕೊಟ್ಟು, ಬೆಳಗಿನವರೆಗೆ ಉರಿಸಬೇಕು, ಆದರೆ ಕೊಟ್ಟದ್ದನ್ನು ಕೊಟ್ಟಂತೆಯೇ ಹಿಂದಿರುಗಿಸಬೇಕು ಎಂಬ ಪರೀಕ್ಷೆ ಒಡ್ಡುತ್ತಾರೆ. ಸೋದರರು ಸೋತು ತಲೆ ತೆರುತ್ತಾರೆ. ಮುಂದೆ ಹುನಾಪು, ಶ್ಬಲಾಂಕೆ ಎಂಬ ಅವಳಿ ಮಕ್ಕಳು ಅದೇ ದಾರಿಯಲ್ಲಿ ಇಳಿಯುತ್ತಾರೆ. ಅವರಿಗೂ ಅದೇ ಪರೀಕ್ಷೆ. ಆದರೆ ಅವರು ಜಾಣರು. ಪಂಜಿನ ಜಾಗದಲ್ಲಿ ಕೆಂಪು ಗಿಣಿಯ ಗರಿ ಇಟ್ಟು, ಚುಟ್ಟದ ತುದಿಗೆ ಮಿಂಚುಹುಳು ಕೂರಿಸಿ ಕಾವಲುಗಾರರನ್ನು ಏಮಾರಿಸುತ್ತಾರೆ. ಕೊನೆಗೆ ಯಮದೊರೆಗಳನ್ನೇ ಗೆದ್ದು ಸೂರ್ಯ ಚಂದ್ರರಾಗುತ್ತಾರೆ. ಹಣೆಗೆ ಬ್ಯಾಟರಿ ದೀಪ ಕಟ್ಟಿಕೊಂಡು ಬರುವ ಇಂದಿನ ಪ್ರವಾಸಿಗನಿಗೆ ಆ ಮಿಂಚುಹುಳುಗಳ ವಿಷಯ ಯಾರಾದರೂ ಹೇಳಬೇಕು.

ಇನ್ನೊಂದು ಸ್ವಾರಸ್ಯವಿದೆ. ಆ ಅವಳಿಗಳು ಆಡಿದ ಚೆಂಡು ರಬ್ಬರಿನದು. ರಬ್ಬರನ್ನು ಜಗತ್ತಿಗೆ ಕೊಟ್ಟವರು ಅಮೆರಿಕ ಖಂಡದ ಮೂಲ ನಿವಾಸಿಗಳೇ. ಮೆಕ್ಸಿಕೊದ ಎಲ್ ಮನಾಟಿ ಎಂಬಲ್ಲಿ ದೊರೆತ ರಬ್ಬರ್ ಚೆಂಡುಗಳು ಸುಮಾರು 3,600 ವರ್ಷ ಹಳೆಯವು. ಮರದ ಹಾಲಿಗೆ ಒಂದು ಜಾತಿಯ ಬಳ್ಳಿಯ ರಸ ಬೆರೆಸಿ ಅದು ಪುಟಿಯುವಂತೆ ಮಾಡುವ ಉಪಾಯ ಆ ಜನಕ್ಕೆ ತಿಳಿದಿತ್ತು ಎಂದು 1999ರಲ್ಲಿ ಅಮೆರಿಕದ ಎಂ.ಐ.ಟಿ. ಸಂಶೋಧಕರು ತೋರಿಸಿಕೊಟ್ಟರು. ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ರಬ್ಬರನ್ನು ಗಟ್ಟಿಮಾಡಿದ್ದು 1839ರಲ್ಲಿ. ಅದರಿಂದ ಟೈರು ಬಂತು, ಟ್ಯೂಬು ಬಂತು. ರಬ್ಬರಿನ ಚೆಂಡಿನ ನೆಪದಲ್ಲಿ ವೀರರು ಇಳಿದ ಲೋಕಕ್ಕೆ ಈಗ ರಬ್ಬರಿನ ಟ್ಯೂಬಿನ ಮೇಲೆ ಪ್ರವಾಸಿಗರು ಇಳಿದಂತಾಯಿತು. ಈಚೆಗೆ ಅದರ ಜಾಗಕ್ಕೆ ಹಿಡಿಕೆ, ತಲೆದಿಂಬು ಇರುವ ಪ್ಲಾಸ್ಟಿಕ್ ಟ್ಯೂಬು ಬಂದಿದೆ ಎಂಬುದು ಬೇರೆ ಮಾತು.

ಮಳೆಗಾಗಿ ಮೊರೆ

ಗುಹೆ ಭಯದ ಸ್ಥಳವಷ್ಟೇ ಆಗಿದ್ದರೆ ಜನ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ನೀರು ಅಲ್ಲಿಂದ ಹೊರಡುತ್ತದೆ, ಮೋಡವೂ ಅಲ್ಲಿಯೇ ಹುಟ್ಟುತ್ತದೆ, ಮಳೆದೇವರು ಚಾಕ್ ಅಲ್ಲಿಯೇ ಇರುತ್ತಾನೆ ಎಂದು ಮಾಯಾ ಜನ ನಂಬಿದ್ದರು. ಜೋಳ ಬೆಳೆದು ಉಣ್ಣುವವರಿಗೆ ಮಳೆಗಿಂತ ದೊಡ್ಡದು ಯಾವುದಿದೆ? ಪೈನ್ ಮರದ ಸೀಳನ್ನು ಪಂಜು ಮಾಡಿಕೊಂಡು ಅವರು ಒಳಹೊಕ್ಕರು. ಚಾವಣಿಯಿಂದ ತೊಟ್ಟಿಕ್ಕುವ, ನೆಲ ಮುಟ್ಟದ ನೀರನ್ನು ಪವಿತ್ರವೆಂದು ಮಡಕೆಗಳಲ್ಲಿ ಹಿಡಿದರು. ಅವರು ಬಿಟ್ಟು ಹೋದ ಮಡಕೆಗಳ ಚೂರುಗಳು ಹೊಳೆಯ ನೀರು ಮುಟ್ಟದ ಎತ್ತರದ ಕೋಣೆಗಳಲ್ಲಿ ಇಂದಿಗೂ ಇವೆ.

ಇದರ ಅತ್ಯಂತ ಮನಕಲಕುವ ಸಾಕ್ಷಿ ಇರುವುದು ಪಶ್ಚಿಮ ಬೆಲೀಜಿನ ಆಕ್ಟುನ್ ತುನಿಚಿಲ್ ಮುಕ್ನಾಲ್ ಎಂಬ ಇನ್ನೊಂದು ಗುಹೆಯಲ್ಲಿ. 1990ರ ದಶಕದಲ್ಲಿ ಬೆಲೀಜಿನವರೇ ಆದ ಪುರಾತತ್ವಜ್ಞ ಹೈಮೆ ಆವೆ ಅವರ ತಂಡ ಅದನ್ನು ಅಭ್ಯಾಸ ಮಾಡಿತು. ಹತ್ತಕ್ಕೂ ಹೆಚ್ಚು ಮನುಷ್ಯರ ಅಸ್ಥಿಗಳು ಅಲ್ಲಿವೆ. ಅವುಗಳಲ್ಲಿ ಹಸುಗೂಸುಗಳವೂ ಸೇರಿವೆ. ಒಂದು ಎಳೆಯ ಅಸ್ಥಿಪಂಜರದ ಮೇಲೆ ಸುಣ್ಣದ ಹರಳು ಕಟ್ಟಿ ಅದು ದೀಪದ ಬೆಳಕಿಗೆ ಮಿರಿಮಿರಿ ಮಿನುಗುತ್ತದೆ. 'ಹರಳಿನ ಕನ್ಯೆ' ಎಂದು ಅದಕ್ಕೆ ಹೆಸರು ಬಿದ್ದಿದೆ. ಅದು ಹುಡುಗಿಯದಲ್ಲ, ಹುಡುಗನದು ಇರಬಹುದೆಂಬ ಅಭಿಪ್ರಾಯವೂ ಇದೆ. ಇವರನ್ನು ಬಲಿ ಕೊಡಲಾಯಿತೆಂದು ಪುರಾತತ್ವಜ್ಞರು ಭಾವಿಸುತ್ತಾರೆ. ಕಾಲ ಸುಮಾರು ಕ್ರಿ.ಶ. 700ರಿಂದ 900.

ಆ ಎರಡು ಶತಮಾನಗಳಲ್ಲಿ ಏನಾಯಿತು? ಉತ್ತರ ಹೇಳಿದ್ದು ಮತ್ತೊಂದು ಗುಹೆ. ದಕ್ಷಿಣ ಬೆಲೀಜಿನ ಯೋಕ್ ಬಲುಮ್ ಗುಹೆಯಿಂದ ತಂದ ಕಲ್ಲುಕಂಬದ ಪದರಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2012ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಹನಿ ಹನಿಯಾಗಿ ಬೆಳೆದ ಕಲ್ಲು ತಾನು ಬೆಳೆದ ಕಾಲದ ಮಳೆಯ ಲೆಕ್ಕವನ್ನೂ ಬರೆದಿಟ್ಟುಕೊಳ್ಳುತ್ತದೆ; ಒಣ ವರ್ಷದ ಪದರಕ್ಕೂ ಒದ್ದೆ ವರ್ಷದ ಪದರಕ್ಕೂ ಆಮ್ಲಜನಕದ ಬಗೆಯಲ್ಲಿ ವ್ಯತ್ಯಾಸವಿರುತ್ತದೆ. ಆ ಲೆಕ್ಕದ ಪ್ರಕಾರ ಕ್ರಿ.ಶ. 660ರಿಂದ 1000ದವರೆಗೆ ಮಳೆ ಇಳಿಮುಖವಾಗುತ್ತ ಹೋಯಿತು. ಮಾಯಾ ನಗರಗಳು ಒಂದೊಂದಾಗಿ ಬರಿದಾದದ್ದೂ ಬಹುಮಟ್ಟಿಗೆ ಅದೇ ಕಾಲದಲ್ಲಿ. ಯುದ್ಧ, ಅರಸರ ಒಳಜಗಳ ಮುಂತಾದ ಬೇರೆ ಕಾರಣಗಳೂ ಇದ್ದವು. ಆದರೆ ಮಳೆ ಕೈಕೊಟ್ಟಷ್ಟೂ ಜನ ಗುಹೆಯ ಕತ್ತಲೆಗೆ ಇನ್ನಷ್ಟು ಆಳಕ್ಕೆ ಹೋಗಿ ಮೊರೆಯಿಟ್ಟರು, ತಮ್ಮಲ್ಲಿದ್ದ ಅತ್ಯಂತ ಬೆಲೆಯುಳ್ಳದ್ದನ್ನೇ ಒಪ್ಪಿಸಿದರು ಎಂಬ ಚಿತ್ರ ಈ ಎರಡು ಸಾಕ್ಷ್ಯಗಳನ್ನು ಕೂಡಿಸಿದಾಗ ಮೂಡುತ್ತದೆ. ಬರ ಕಂಡ ನಾಡಿನವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ಆಟವೋ, ಅಪಚಾರವೋ?

ಹಾಗಾದರೆ ಅಂಥ ಸ್ಥಳದಲ್ಲಿ ಟ್ಯೂಬಿನ ಮೇಲೆ ತೇಲುತ್ತ ಕೇಕೆ ಹಾಕುವುದು ಸರಿಯೇ? ಸುಲಭದ ಉತ್ತರವಿಲ್ಲ. 2019ರಲ್ಲಿ ಹಡಗುಗಳಲ್ಲಿ ಬೆಲೀಜಿಗೆ ಬಂದವರು ಹನ್ನೊಂದು ಲಕ್ಷಕ್ಕೂ ಹೆಚ್ಚು. ಅಂದರೆ ದೇಶದ ಜನಸಂಖ್ಯೆಯ ಎರಡೂವರೆ ಪಟ್ಟಿಗಿಂತ ಅಧಿಕ. 2020ರಲ್ಲಿ ಕೋವಿಡ್ ಕಾರಣದಿಂದ ಹಡಗುಗಳು ನಿಂತು, ಮರುವರ್ಷ ಮತ್ತೆ ಬರುವವರೆಗೆ ಮಾರ್ಗದರ್ಶಿಗಳು, ಬಸ್ ಚಾಲಕರು, ಊಟದ ಅಂಗಡಿಯವರು ಕೈಕಟ್ಟಿ ಕೂರಬೇಕಾಯಿತು. ಗುಹೆ ಅವರಿಗೆ ಅನ್ನ ಕೊಡುತ್ತದೆ. ಹಡಗಿನಲ್ಲೇ ಮಾರಾಟವಾದ ಟಿಕೆಟಿನ ಹಣದಲ್ಲಿ ಹಡಗಿನ ಕಂಪನಿಯೂ ತನ್ನ ಪಾಲು ಇಟ್ಟುಕೊಳ್ಳುತ್ತದೆ ಎಂಬುದು ಮಾತ್ರ ಅವರ ನಿತ್ಯದ ಅಸಮಾಧಾನ.

ಮತ್ತೊಂದು ಕಡೆ, ಕಲ್ಲು ಮತ್ತು ಅಸ್ಥಿಗಳಿಗೆ ತಮ್ಮ ಪರವಾಗಿ ಮಾತನಾಡಲು ಬಾರದು. ಆಕ್ಟುನ್ ತುನಿಚಿಲ್ ಮುಕ್ನಾಲ್‌ನಲ್ಲಿ 2012ರಲ್ಲಿ ಒಬ್ಬ ಪ್ರವಾಸಿಯ ಕ್ಯಾಮರಾ ಕೈಜಾರಿ ಒಂದು ತಲೆಬುರುಡೆಯ ಮೇಲೆ ಬಿತ್ತು. ಸಾವಿರಕ್ಕೂ ಹೆಚ್ಚು ವರ್ಷ ಉಳಿದಿದ್ದ ಬುರುಡೆ ಒಂದು ಕ್ಷಣದಲ್ಲಿ ತೂತಾಯಿತು. ಅಂದಿನಿಂದ ಅಲ್ಲಿ ಕ್ಯಾಮರಾ ನಿಷಿದ್ಧ. ಒಣ ಕೋಣೆಗೆ ಹೋಗುವವರು ಪಾದರಕ್ಷೆ ಬಿಚ್ಚಿ, ಕಾಲುಚೀಲದಲ್ಲೇ ನಡೆಯಬೇಕು. ಕಾರಣ ಮಡಕೆಗಳ ರಕ್ಷಣೆ. ಆದರೂ ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಡುವ ನಮಗೆ ಅದರಲ್ಲಿ ಬೇರೊಂದು ಔಚಿತ್ಯವೂ ಕಾಣುತ್ತದೆ.

ಮಾಯಾ ಜನ ಅಳಿದುಹೋದರು ಎಂದು ತಿಳಿಯುವುದೂ ತಪ್ಪು. ಅಳಿದದ್ದು ಅವರ ಅರಸರ ನಗರಗಳು. ಬೆಲೀಜಿನ ಹತ್ತರಲ್ಲಿ ಒಬ್ಬರು ಇಂದಿಗೂ ಮಾಯಾ ಜನರೇ. ದಕ್ಷಿಣದ ಟೊಲೆಡೊ ಜಿಲ್ಲೆಯ ಮಾಯಾ ಹಳ್ಳಿಗಳಿಗೆ ತಮ್ಮ ಪರಂಪರೆಯ ಭೂಮಿಯ ಮೇಲೆ ಹಕ್ಕಿದೆ ಎಂದು ಕೆರಿಬಿಯನ್ ನ್ಯಾಯಾಲಯ 2015ರಲ್ಲಿ ಎತ್ತಿಹಿಡಿದದ್ದು ಅವರ ದೀರ್ಘ ಹೋರಾಟದ ಫಲ.

ಪುರಾಣದ ಅವಳಿಗಳು ಶಿಬಾಲ್ಬಾವನ್ನು ಗೆದ್ದದ್ದು ಬಲದಿಂದಲ್ಲ. ಎಲ್ಲಿಗೆ ಬಂದಿದ್ದೇವೆ, ಎದುರಿಗಿರುವವರು ಯಾರು ಎಂದು ಮೊದಲೇ ತಿಳಿದುಕೊಂಡದ್ದರಿಂದ. ಅದಕ್ಕಾಗಿ ಅವರು ಒಂದು ಸೊಳ್ಳೆಯನ್ನು ಮುಂದೆ ಕಳಿಸಿ, ಅದು ಕಚ್ಚಿದಾಗ ಕೆಳಲೋಕದ ಒಡೆಯರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದನ್ನು ಕೇಳಿಸಿಕೊಂಡಿದ್ದರು. ಐದಾರು ಗಂಟೆಗಳ ಬಿಡುವಿನಲ್ಲಿ ಬರುವ ಪ್ರವಾಸಿಗನಿಂದಲೂ ಅಷ್ಟನ್ನು ನಿರೀಕ್ಷಿಸಬಹುದು. ದೀಪ ಆರಿಸಿದ ಆ ಒಂದು ನಿಮಿಷದಲ್ಲಿ, ಇದೇ ಕತ್ತಲೆಯಲ್ಲಿ ಪಂಜು ಹಿಡಿದು ಮಳೆ ಬೇಡಿದವರ ನೆನಪು ಬಂದರೆ ಅವನು ಕೊಟ್ಟ ಹಣಕ್ಕೂ ಸಾರ್ಥಕ, ಹೋದ ಜಾಗಕ್ಕೂ ಗೌರವ.